ಇಳಿಜಾರಿನಿಂದ ಸಿಲ್ವರ್ ದಿಮ್ಮಿ ಮೇಲೆ ತರಲು: ಮೂರು ಬೇಸಿಗೆ, ಮೂರು ವಿಂಚು

ನಮ್ಮ ತೋಟ ಕಳಸದ ಹತ್ತಿರ. ಹಿಂದಿನ ಪ್ಲಾಟು ಹಳ್ಳದ ಕಡೆಗೆ ಇಳಿಯುತ್ತದೆ, ಹತ್ತಿರ ಹತ್ತಿರ 30 ಡಿಗ್ರಿ. ಅಲ್ಲಿ ಅಪ್ಪ ನೆಟ್ಟ ಸಿಲ್ವರ್ ಓಕ್ ಮರಗಳು ಈಗ ಕಡಿಯುವ ಹಂತಕ್ಕೆ ಬಂದಿವೆ. ಮರ ಉರುಳಿಸುವುದು ದೊಡ್ಡ ವಿಷಯವಲ್ಲ. ಬಿದ್ದ ದಿಮ್ಮಿಯನ್ನು ಕಾಫಿ ಗಿಡ ಮುರಿಯದೆ 60 ಮೀಟರ್ ಮೇಲಿರುವ ರಸ್ತೆಗೆ ತರುವುದೇ ಕಷ್ಟ. ಜೆಸಿಬಿ ಇಳಿಸಬೇಕೆಂದರೆ ದಾರಿ ಕೊರೆಯಬೇಕು. ಕೊರೆದ ಮಣ್ಣು ಮೊದಲ ಜೋರು ಮಳೆಗೇ ಹಳ್ಳ ಸೇರುತ್ತದೆ. ಅದು ನನಗೆ ಬೇಡವೇ ಬೇಡ. ಹಾಗಾಗಿ ಮೂರು ಬೇಸಿಗೆಯಲ್ಲಿ ಮೂರು ಬಗೆಯ ವಿಂಚು, ಅಂದರೆ ಹಗ್ಗದಿಂದ ಭಾರ ಎಳೆಯುವ ಸಾಧನ, ಬಳಸಿ ನೋಡಿದೆ.

ಮೊದಲು ಭಾರದ ಲೆಕ್ಕ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ತಪ್ಪುವುದು ಅಲ್ಲೇ. 5 ಅಡಿ ಸುತ್ತಳತೆಯ, 16 ಅಡಿ ಉದ್ದದ ಹಸಿ ದಿಮ್ಮಿ ಸುಮಾರು ಮುಕ್ಕಾಲು ಟನ್ ಬರುತ್ತದೆ. 30 ಡಿಗ್ರಿ ಇಳಿಜಾರಿನಲ್ಲಿ ಅದರ ಅರ್ಧ ಭಾರ ಸದಾ ಕೆಳಗೆ ಜಗ್ಗುತ್ತಿರುತ್ತದೆ. ನೆಲದ ಉಜ್ಜಾಟಕ್ಕೆ ಹೆಚ್ಚುಕಡಿಮೆ ಇನ್ನೂ ಅಷ್ಟೇ ಬಲ ಬೇಕು. ಅಂದರೆ ದಿಮ್ಮಿಯನ್ನು ನೆಲದಿಂದ ಎತ್ತುವಷ್ಟು ಬಲವೇ ಎಳೆಯುವುದಕ್ಕೂ ಬೇಕಾಗುತ್ತದೆ. ಮೂತಿ ಒಂದು ಬೇರಿಗೆ ಸಿಕ್ಕಿಕೊಂಡರೆ ಲೆಕ್ಕವೆಲ್ಲ ತಲೆಕೆಳಗು.

ಮೊದಲ ವರ್ಷ ಟಿರ್ಫಾರ್. ಅದು ಅಸಲಿಗೆ ಒಂದು ಬ್ರ್ಯಾಂಡಿನ ಹೆಸರು, ಈಗ ಆ ಬಗೆಯ ಕೈ ವಿಂಚಿಗೆಲ್ಲ ಅದೇ ಹೆಸರಾಗಿದೆ. ಒಳಗೆ ಎರಡು ದವಡೆ ಇರುತ್ತವೆ. ಒಂದು ಹಗ್ಗವನ್ನು ಹಿಡಿದಿರುವಾಗ ಇನ್ನೊಂದು ಮುಂದೆ ಸರಿಯುತ್ತದೆ. ನಾನು ತಂದದ್ದು 1600 ಕೆಜಿ ಎಳೆಯುವಂಥದ್ದು. ಬಲಕ್ಕೆ ಏನೂ ಕೊರತೆಯಿಲ್ಲ. ಆದರೆ ಲಿವರನ್ನು ಒಂದು ಸಲ ಹಿಂದೆ ಮುಂದೆ ಆಡಿಸಿದರೆ ಹಗ್ಗ ಬರುವುದು ಬರೀ ಮೂರು ಬೆರಳಗಲ. 40 ಮೀಟರ್ ತರಲು 700ಕ್ಕೂ ಜಾಸ್ತಿ ಸಲ ಲಿವರ್ ಆಡಿಸಿದೆವು, ನಾನೇ ಎಣಿಸಿದ್ದೇನೆ. ಇಬ್ಬರು ಆಳು ಸರದಿಯಲ್ಲಿ ಎಳೆದರೂ ಅರ್ಧ ದಿನಕ್ಕೆ ಒಂದೇ ದಿಮ್ಮಿ. ಭಾರ ಮೀರಿದಾಗ ಲಿವರಿನ ಪಿನ್ನು ಕತ್ತರಿಸಿ ಹೋಗುತ್ತದೆ. ಅದು ಕೆಟ್ಟದ್ದಲ್ಲ, ಕಾಪಾಡುವುದಕ್ಕೆಂದೇ ಇಟ್ಟಿರುವ ಪಿನ್ನು. ಅದರ ಜಾಗಕ್ಕೆ ಮೊಳೆ ಹೊಡೆದು ಕೆಲಸ ಮುಂದುವರಿಸುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಎರಡನೇ ವರ್ಷ ಪಕ್ಕದ ತೋಟದವರ ಟ್ರ್ಯಾಕ್ಟರ್ ವಿಂಚು ಬಾಡಿಗೆಗೆ ತಂದೆ. ಟ್ರ್ಯಾಕ್ಟರ್ ಹಿಂದಿನ ಮೂರು ಕೊಂಡಿಗೆ ಕೂರುತ್ತದೆ, ಪಿಟಿಒದಿಂದ, ಅಂದರೆ ಎಂಜಿನ್ ತಿರುಗಿಸುವ ಹಿಂಬದಿಯ ದಂಡದಿಂದ, ಓಡುತ್ತದೆ. ಅಡಿಯ ತಗಡಿನ ಅಲಗು ನೆಲಕ್ಕೆ ಕಚ್ಚಿ ಟ್ರ್ಯಾಕ್ಟರನ್ನು ಹಿಡಿದಿಡುತ್ತದೆ. ಎಳೆಯುವ ಬಲ ನೋಡಿದರೆ ಖುಷಿಯಾಗುತ್ತದೆ. ಮಧ್ಯಾಹ್ನದೊಳಗೆ ಆರು ದಿಮ್ಮಿ ರಸ್ತೆಗೆ ಬಂದವು.

ಆದರೆ ಆರನೆಯದು ಬರುವಾಗ ಮೇಸ್ತ್ರಿ ಕೂಗಿದರು: "ಗೌಡ್ರೇ, ನಿಲ್ಸಿ, ನಿಲ್ಸಿ! ರೋಪು ಗಿಡ ಕೊಯ್ತಾ ಇದೆ." ಹೋಗಿ ನೋಡಿದೆ. ಉಕ್ಕಿನ ರೋಪು ಬಿಗಿಯಾದಾಗ ಪಕ್ಕಕ್ಕೆ ಸರಿದು, ಸಾಲಿನ ನಾಲ್ಕು ರೊಬಸ್ಟಾ ಗಿಡಗಳ ಬುಡದ ತೊಗಟೆಯನ್ನು ಗರಗಸದಂತೆ ತೆಗೆದುಹಾಕಿತ್ತು. ಅದರಲ್ಲಿ ಎರಡು ಆಮೇಲೆ ಒಣಗಿದವು. ಇನ್ನೊಂದು ತೊಂದರೆ ರೋಪಿನ ಭಾರ. 10 ಮಿಲಿಮೀಟರ್ ದಪ್ಪದ ಉಕ್ಕಿನ ರೋಪು 100 ಮೀಟರಿಗೆ 40 ಕೆಜಿ ಹತ್ತಿರ ತೂಗುತ್ತದೆ. ಪ್ರತಿ ದಿಮ್ಮಿಗೂ ಅದನ್ನು ಕೆಳಗೆ ಎಳೆದುಕೊಂಡು ಹೋಗುವವರಿಗೇ ಗೊತ್ತು ಅದರ ಪಾಡು. ಜೊತೆಗೆ, ಎಳೆತ ಟ್ರ್ಯಾಕ್ಟರಿನ ನೇರ ಹಿಂದೆ ಇರಬೇಕು. ಒಮ್ಮೆ ನಾನು ಅವಸರದಲ್ಲಿ ಓರೆಯಾಗಿ ಎಳೆಸಿದೆ. ಒಂದು ಹಿಂದಿನ ಚಕ್ರ ನೆಲ ಬಿಟ್ಟಿತು. ತಪ್ಪು ನನ್ನದೇ. ಕ್ಲಚ್ ಬಿಟ್ಟು ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನೆ ಕೂತೆವು.

ಮೂರನೆಯದು ಕ್ಯಾಪ್‌ಸ್ಟನ್ ವಿಂಚು. ನಾಲ್ಕು ಸ್ಟ್ರೋಕಿನ ಚಿಕ್ಕ ಹೋಂಡಾ ಎಂಜಿನ್, ಒಟ್ಟು 16 ಕೆಜಿ, ಎಳೆಯುವ ಬಲ 1 ಟನ್, ನಿಮಿಷಕ್ಕೆ 12 ಮೀಟರ್. ಇದರಲ್ಲಿ ಹಗ್ಗ ಡ್ರಮ್ಮಿಗೆ ಸುತ್ತಿ ತುಂಬಿಕೊಳ್ಳುವುದಿಲ್ಲ. ಮೂರು ನಾಲ್ಕು ಸುತ್ತು ಹಾಕಿ ಬಾಲವನ್ನು ಕೈಯಲ್ಲಿ ಜಗ್ಗುತ್ತಾ ಇರಬೇಕು, ಅಷ್ಟೇ. ಹಾಗಾಗಿ ಹಗ್ಗ ಎಷ್ಟು ಉದ್ದ ಇದ್ದರೂ ಎಳೆತದ ಬಲ ಒಂದೇ. ಹಗ್ಗವೂ ಪಾಲಿಯೆಸ್ಟರ್. 100 ಮೀಟರನ್ನು ಒಬ್ಬರೇ ಹೆಗಲಿಗೆ ಹಾಕಿಕೊಂಡು ಇಳಿಯಬಹುದು.

ಇದನ್ನು ಮರಕ್ಕೆ ಕಟ್ಟಬೇಕು. ನಮ್ಮಲ್ಲಿ ಗಟ್ಟಿ ಮರಕ್ಕೆಲ್ಲ ಮೆಣಸಿನ ಬಳ್ಳಿ ಹಬ್ಬಿದೆ, ಅಲ್ವಾ? ಬಳ್ಳಿ ಇಲ್ಲದ ಮರ ಹುಡುಕುವುದೇ ಅರ್ಧ ಕೆಲಸ. ಸಿಕ್ಕಿದ ಮರಕ್ಕೆ ಗೋಣಿಚೀಲ ಮಡಿಸಿ ಸುತ್ತಿ, ಅದರ ಮೇಲೆ ಪಟ್ಟಿ ಬಿಗಿದೆವು. ದೊಡ್ಡ ದಿಮ್ಮಿ ಬಂದಾಗ ದಿಮ್ಮಿಗೇ ಒಂದು ಕಪ್ಪಿ ಕಟ್ಟಿ, ಹಗ್ಗವನ್ನು ಅದರೊಳಗೆ ತಿರುಗಿಸಿ ಮೇಲಿನ ಇನ್ನೊಂದು ಮರಕ್ಕೆ ಬಿಗಿದೆವು. ಬಲ ಹತ್ತಿರ ಹತ್ತಿರ ಎರಡು ಪಟ್ಟು, ವೇಗ ಅರ್ಧ.

ಮೂತಿ ಸಿಕ್ಕಿಕೊಳ್ಳುವುದಕ್ಕೂ ಮೇಸ್ತ್ರಿಯೇ ದಾರಿ ಕಂಡುಹಿಡಿದರು. 200 ಲೀಟರಿನ ನೀಲಿ ಪ್ಲಾಸ್ಟಿಕ್ ಡ್ರಮ್ಮನ್ನು ಮಧ್ಯಕ್ಕೆ ಕೊಯ್ದು, ತಳದಲ್ಲಿ ತೂತು ಮಾಡಿ, ಸರಪಳಿಯನ್ನು ಅದರಲ್ಲಿ ಹಾಯಿಸಿ ದಿಮ್ಮಿಯ ಮೂತಿಗೆ ಟೋಪಿ ಹಾಕಿದರು. ಮೊದಲು ಬುಡದ ಮಣ್ಣನ್ನೆಲ್ಲ ಉತ್ತುಕೊಂಡು ಬರುತ್ತಿದ್ದ ದಿಮ್ಮಿ ಈಗ ದರಗಿನ ಮೇಲೆ ಜಾರಿಕೊಂಡು ಬಂತು. ಗಿಡಗಳ ಕೆಳಗಿನ ರೆಕ್ಕೆ (ಅಡ್ಡ ಕೊಂಬೆ) ಅಲ್ಲಲ್ಲಿ ಮುರಿದದ್ದು ಬಿಟ್ಟರೆ ಬೇರೆ ಹಾನಿಯಿಲ್ಲ. ದಿನಕ್ಕೆ ಎಂಟು ದಿಮ್ಮಿ ತಂದೆವು, ಮೂರೇ ಜನ.

ಈ ವಿಂಚಿನ ಅಪಾಯ ಹಗ್ಗದ ಬಾಲದಲ್ಲಿದೆ. ಬಾಲ ಸಡಿಲ ಬಿಟ್ಟರೆ ವಿಂಚಿನ ಡ್ರಮ್ಮಿನ ಹಿಡಿತ ಹೋಗುತ್ತದೆ, ದಿಮ್ಮಿ ಹಿಂದಕ್ಕೆ ಜಾರಬಹುದು. ಹಗ್ಗ ಹಿಡಿಯುವವರು ಅದನ್ನು ಕೈಗೆ ಸುತ್ತಿಕೊಳ್ಳಲೇಬಾರದು. ದಿಮ್ಮಿಯ ಕೆಳಗಡೆಯಾಗಲಿ, ಕಪ್ಪಿಯಲ್ಲಿ ಹಗ್ಗ ತಿರುಗುವ ಒಳಮಗ್ಗುಲಲ್ಲಾಗಲಿ ಯಾರೂ ನಿಲ್ಲಬಾರದು. ಈ ಮಾತು ಮೂರೂ ವಿಂಚಿಗೆ ಸಲ್ಲುತ್ತದೆ.

ನ್ಯೂಜಿಲೆಂಡ್, ಆಸ್ಟ್ರಿಯಾ ಕಡೆ ಮರ ಕಡಿಯುವ ದೊಡ್ಡ ಯಂತ್ರವನ್ನೇ ಮೇಲಿನಿಂದ ಉಕ್ಕಿನ ರೋಪಿಗೆ ಕಟ್ಟಿ ಇಳಿಜಾರಿಗೆ ಇಳಿಸುತ್ತಾರೆ. ರೋಪು ಸದಾ ಬಿಗಿಯಾಗಿರುವುದರಿಂದ ಯಂತ್ರದ ಚಕ್ರಪಟ್ಟಿ ಜಾರಿ ಮಣ್ಣು ಕೀಳುವುದು ಕಡಿಮೆ. ಒಂದೇ ಜಾತಿಯ ಮರ ನೆಟ್ಟ ಗುಡ್ಡಕ್ಕೆ ಅದು ಸರಿ. ಗಿಡದ ಪಕ್ಕ ಗಿಡ ಇರುವ ಕಾಫಿ ತೋಟದೊಳಗೆ ಯಂತ್ರ ಇಳಿಯುವ ಯೋಚನೆಯೇ ಬೇಡ.

ನಾನು ಉಳಿಸಿಕೊಂಡದ್ದು ಕ್ಯಾಪ್‌ಸ್ಟನ್. ರಸ್ತೆಯ ಪಕ್ಕದಲ್ಲೇ ತುಂಬ ದಪ್ಪ ಮರ ಬಿದ್ದರೆ ಮಾತ್ರ ಟ್ರ್ಯಾಕ್ಟರ್ ಕರೆಸುತ್ತೇನೆ. ಟಿರ್ಫಾರನ್ನೂ ಮಾರಿಲ್ಲ. ಬೀಳುವ ಮರವನ್ನು ಬೇಕಾದ ದಿಕ್ಕಿಗೆ ವಾಲಿಸಿ ಹಿಡಿಯಲು ಅದರಷ್ಟು ನಿಧಾನದ, ನಂಬಿಕೆಯ ಸಾಮಾನು ನನಗೆ ಬೇರೆ ಸಿಕ್ಕಿಲ್ಲ. ಹಳ್ಳದ ಅಂಚಿನಲ್ಲಿ ಇನ್ನೂ 22 ಮರ ಇವೆ. ಕೊಯ್ಲು ಮುಗಿದಿದೆ. ಕಾಫಿ ಹೂ ಅರಳಿಸುವ ಹೂಮಳೆ ಬೀಳುವ ಮೊದಲು ಅವು ರಸ್ತೆಗೆ ಬರಬೇಕು. ಇವತ್ತು ಇನ್ನೊಂದು ನೀಲಿ ಡ್ರಮ್ ಕೊಯ್ದು ಇಟ್ಟಿದ್ದೇವೆ.