ಗದ್ದೆ ರೇಸಿಗೆ ಆಟೊಮ್ಯಾಟಿಕ್ ಕಾರು ಇಳಿಸುವವರೇ, ಲಾಕಪ್ ಸ್ವಿಚ್ಚಿನ ತಂಟೆ ಬೇಡ

ಹುತ್ತರಿ ಕಳೆದು ಕೊಯ್ಲು ಮುಗಿಯಿತೆಂದರೆ ಗೋಣಿಕೊಪ್ಪದ ಸುತ್ತಮುತ್ತ ಯಾವುದಾದರೊಂದು ಗದ್ದೆಯಲ್ಲಿ ಕಾರುಗಳ ಆರ್ಭಟ ಶುರುವಾಗುತ್ತದೆ. ನಾನೂ ನನ್ನ ಹಳೆಯ ಆಟೊಮ್ಯಾಟಿಕ್ ಸೆಡಾನನ್ನು ಇಳಿಸಿದೆ. ಇಳಿಸುವ ಮೊದಲು, ಎಂಜಿನ್ನಿನ ಬಲವನ್ನು ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರಿನ ಲಾಕಪ್ಪನ್ನು ಬೇಕೆಂದಾಗ ಹಾಕಿಕೊಳ್ಳಲು ಡ್ಯಾಶ್‌ಬೋರ್ಡಿನ ಕೆಳಗೆ ಒಂದು ಸ್ವಿಚ್ ಕೂರಿಸಿದ್ದೆ. ಒಂದು ಸ್ವಿಚ್ಚು, ಎರಡು ಗಜ ವೈರು. ಆಮೇಲೆ ಅದಕ್ಕೆ ತೆತ್ತದ್ದು 62,000 ರೂಪಾಯಿ.

ಲಾಕಪ್ ಎಂದರೆ ಠಾಣೆಯದಷ್ಟೇ ಗೊತ್ತಿರುವವರಿಗೆ ಎರಡು ಮಾತು. ಕನ್ವರ್ಟರಿನೊಳಗೆ ಎದುರುಬದುರಾಗಿ ಎರಡು ಫ್ಯಾನುಗಳಿವೆ, ನಡುವೆ ಎಣ್ಣೆ. ಎಂಜಿನ್ ಒಂದನ್ನು ತಿರುಗಿಸುತ್ತದೆ, ಎಣ್ಣೆಯ ರಭಸಕ್ಕೆ ಇನ್ನೊಂದು ತಿರುಗುತ್ತದೆ. ಇದರಲ್ಲಿ ಸ್ವಲ್ಪ ಶಕ್ತಿ ಸೋರುತ್ತದೆ, ನಿಜ. ಆದರೆ ನಿಂತಲ್ಲಿಂದ ಹೊರಡುವಾಗ ಇದೇ ಏರ್ಪಾಡು ಟಾರ್ಕನ್ನು, ಅಂದರೆ ತಿರುಗಿಸುವ ಬಲವನ್ನು, ಹೆಚ್ಚುಕಡಿಮೆ ಎರಡು ಪಟ್ಟು ಮಾಡಿಕೊಡುತ್ತದೆ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸಾಗುವಾಗ ಆ ಸೋರಿಕೆಯನ್ನು ತಡೆಯಲು ತೆಳ್ಳನೆಯ ಕ್ಲಚ್ಚೊಂದು ಎರಡನ್ನೂ ಕಚ್ಚಿಹಿಡಿಯುತ್ತದೆ. ಅದೇ ಲಾಕಪ್. ಆಕ್ಸಿಲರೇಟರ್ ಜೋರಾಗಿ ತುಳಿದರೆ ಕಾರಿನ ಕಂಪ್ಯೂಟರು ಸಾಮಾನ್ಯವಾಗಿ ಅದನ್ನು ಬಿಡಿಸಿಬಿಡುತ್ತದೆ. ನಾನು ಕಂಪ್ಯೂಟರಿಗಿಂತ ಜಾಣ ಅಂದುಕೊಂಡೆ.

ಮೊದಲ ಸುತ್ತಿನಲ್ಲಿ ನೇರ ದಾರಿ ಸಿಕ್ಕಿದೊಡನೆ, ಎರಡನೇ ಗೇರಿನಲ್ಲಿ ಸ್ವಿಚ್ ಒತ್ತಿದೆ. ಎಂಜಿನ್ ಸುತ್ತು ತಟ್ಟನೆ ಇಳಿಯಿತು, ಕಾರು ಮುನ್ನುಗ್ಗುವ ಬದಲು ಮುಗ್ಗರಿಸಿತು. ಕೊನೆಯ ತಿರುವಿನಲ್ಲಿ ಬ್ರೇಕ್ ತುಳಿದಾಗ ಸ್ವಿಚ್ ಆರಿಸಲು ಮರೆತಿದ್ದೆ. ಕೆಸರಿನಲ್ಲಿ ಮುಂದಿನ ಚಕ್ರಗಳು ಗಕ್ಕನೆ ನಿಂತವು, ಜೊತೆಗೆ ಎಂಜಿನ್ನೂ ನಿಂತಿತು. ಸ್ಟಿಯರಿಂಗ್ ಕಲ್ಲಿನಂತಾಯಿತು. ಕಾರು ತನ್ನ ಪಾಡಿಗೆ ಬದುವಿನ ಕಡೆ ಜಾರುತ್ತಿದೆ, ನಾನು ಕೀಲಿ ತಿರುಗಿಸುತ್ತಿದ್ದೇನೆ. ಡಿ ಗೇರಿನಲ್ಲಿ ಸ್ಟಾರ್ಟರ್ ತಿರುಗುವುದಿಲ್ಲ ಎಂಬುದು ಹೊಳೆಯುವಷ್ಟರಲ್ಲಿ ಬದು ಬಂದಿತ್ತು. ಅಲ್ಲಿ ಪ್ರೇಕ್ಷಕರಿರಲಿಲ್ಲ, ಅದು ನನ್ನ ಪುಣ್ಯ.

ಅಷ್ಟಕ್ಕಾದರೂ ಬಿಡಬೇಕಿತ್ತು. ಮಧ್ಯಾಹ್ನ ಇನ್ನೆರಡು ಸುತ್ತು ಓಡಿಸಿದೆ. ಎರಡನೆಯದರಲ್ಲಿ ತಗಡಿನ ರಸ್ತೆಯ ಮೇಲೆ ಹೋದಂತೆ ಇಡೀ ಕಾರು ಗಡಗಡ ನಡುಗಿತು, ಆಮೇಲೆ ಸುಟ್ಟ ವಾಸನೆ. ಗೇರ್‌ಬಾಕ್ಸಿನ ಡಿಪ್‌ಸ್ಟಿಕ್ ಎಳೆದು ಬಿಳಿ ಬಟ್ಟೆಗೆ ಒರೆಸಿದರೆ, ಕೆಂಪಗಿರಬೇಕಾದ ಎಣ್ಣೆ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತ್ತು. ಬೆರಳಿನಲ್ಲಿ ಉಜ್ಜಿದಾಗ ಕರಿಯ ಪುಡಿ ಹತ್ತಿತು.

ಮೈಸೂರಿನಲ್ಲಿ ಕನ್ವರ್ಟರನ್ನು ಕೊಯ್ದು ತೋರಿಸಿದರು. ಕ್ಲಚ್ಚಿನ ಲೈನಿಂಗ್ ಅರ್ಧ ಸುತ್ತು ಇರಲೇ ಇಲ್ಲ, ಅಲ್ಲಿ ಬರೀ ಲೋಹ ನೀಲಿಗಟ್ಟಿತ್ತು. ಹೆದ್ದಾರಿಯ ಹಗುರ ಹೊರೆಗೆಂದು ಮಾಡಿದ ಕ್ಲಚ್ಚು, ಪೂರ್ತಿ ತುಳಿದ ಎಂಜಿನ್ನನ್ನೂ ಜಾರಿ ಕಚ್ಚುವ ಚಕ್ರಗಳ ಹೊಡೆತವನ್ನೂ ಹೇಗೆ ತಡೆದೀತು? ಡ್ರ್ಯಾಗ್ ರೇಸಿನವರು ಓಟದ ಕೊನೆಯಲ್ಲಿ ಲಾಕಪ್ ಹಾಕುವುದುಂಟು. ಅದನ್ನು ಕಂಡೇ ನನಗೂ ಈ ಚಪಲ ಹತ್ತಿದ್ದು. ಅವರು ಅದಕ್ಕೆಂದೇ ಬಲಪಡಿಸಿದ, ಹಲವು ತಟ್ಟೆಗಳ ಕ್ಲಚ್ಚಿರುವ ಕನ್ವರ್ಟರ್ ಹಾಕಿರುತ್ತಾರೆ, ನೆಲವೂ ಡಾಂಬರು. ನಮ್ಮದು ಕೂಳೆ ನಿಂತ ಗದ್ದೆ, ಹತ್ತು ಮಾರಿಗೊಂದು ತಿರುವು.

ಈಗಾಗಲೇ ಸ್ವಿಚ್ ಹಾಕಿಸಿಕೊಂಡವರು ಇವತ್ತೇ ಎಣ್ಣೆ ನೋಡಿ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಘಾಟಿ ಇಳಿದು ಗ್ಯಾರೇಜಿಗೆ ಹೋಗುವ ಸಾಹಸ ಬೇಡ, ಲಾರಿಯ ಮೇಲೆ ಹೇರಿಸಿಕೊಂಡು ಹೋಗಿ. ಕನ್ವರ್ಟರ್ ಬದಲಿಸುವಾಗ ಎಣ್ಣೆ ಕೂಲರನ್ನೂ ಅದರ ಪೈಪುಗಳನ್ನೂ ತೊಳೆಸಿಯೇ ತೀರಬೇಕು. ಆ ಖರ್ಚೊಂದನ್ನು ಉಳಿಸಲು ಹೋಗಿ ನಾನು ಹೊಸ ಎಣ್ಣೆಯನ್ನು ಎರಡೇ ವಾರದಲ್ಲಿ ಮತ್ತೆ ಚೆಲ್ಲಿಸಿದೆ.