ಮರದ ಹೆಸರು ತಿಳಿಯಲು ಆ್ಯಪ್, ಪುಸ್ತಕ, ಇಲ್ಲ ಊರವರು?

ಬೆಂಗಳೂರಿಂದ ಪ್ರವಾಸ ಹೊರಟಾಗ ಯಾವುದನ್ನು ನಂಬಲಿ ಅಂತ ಕೇಳಿದ್ದೀರಿ.

ಖರ್ಚು ನೋಡಿದರೆ ಆ್ಯಪ್ ವಾಸಿ. ಗೂಗಲ್ ಲೆನ್ಸ್, ಪ್ಲಾಂಟ್‌ನೆಟ್, ಐನ್ಯಾಚುರಲಿಸ್ಟ್ ಮೂರೂ ಉಚಿತ. ಲೆನ್ಸ್ ತಕ್ಷಣ ಉತ್ತರ ಕೊಡುತ್ತದೆ. ಪ್ಲಾಂಟ್‌ನೆಟ್‌ಗೆ ಎಲೆ, ಹೂ, ಕಾಯಿ, ತೊಗಟೆಯ ಫೋಟೋ ಬೇರೆಬೇರೆಯಾಗಿ ಕೊಡಬಹುದು, ನನಗೆ ಅದೇ ಇಷ್ಟ. ಐನ್ಯಾಚುರಲಿಸ್ಟ್‌ನಲ್ಲಿ ಬಲ್ಲವರು ನೋಡಿ ತಿದ್ದುತ್ತಾರೆ, ಆದರೆ ಕಾಯಬೇಕು.

ಹೂವಿಲ್ಲದಾಗ ಮಾತ್ರ ಕಷ್ಟ. ಜಕರಂಡ, ಗುಲ್‌ಮೊಹರ್ ಎರಡರದ್ದೂ ಸಣ್ಣ ಸಣ್ಣ ಎಲೆ. ದೂರದಿಂದ ಸುಮ್ನೆ ಒಂದು ಫೋಟೋ ತೆಗೆದರೆ ಸಾಲದು, ಕೆಳಗೆ ಬಿದ್ದ ಕಾಯಿ ನೋಡಿ. ಗುಲ್‌ಮೊಹರ್‌ದು ಕತ್ತಿಯಂತೆ ಉದ್ದ. ಜಕರಂಡದ್ದು ದುಂಡಗೆ, ಚಪ್ಪಟೆ.

ನೆಟ್‌ವರ್ಕ್ ಸಿಗದ ಘಟ್ಟದ ಕಾಡಿಗೆ ಪುಸ್ತಕವೇ ಸರಿ. ಆದರೆ ಕಾಡುಮರಗಳ ಪುಸ್ತಕದಲ್ಲಿ ರಸ್ತೆಬದಿ ನೆಟ್ಟ ಹೊರದೇಶದ ಮರಗಳು ಇರಬೇಕೆಂದೇನಿಲ್ಲ. ಅಂಥದ್ದೇ ಒಂದು ಮರವಾದ ಟಬೆಬುಯಾ ಅದರಲ್ಲಿ ಇದೆಯಾ ನೋಡಿಯೇ ಕೊಳ್ಳಿ.

ಹಳ್ಳಿ ಕಡೆ ಹೋಗ್ತೀರಾ? ಊರಿನ ಹಿರಿಯರನ್ನೇ ಕೇಳಿ. ಹೊಂಗೆ, ಮತ್ತಿ, ನೇರಳೆಯ ಹೆಸರಿನ ಜೊತೆ ಉಪಯೋಗವನ್ನೂ ಹೇಳುತ್ತಾರೆ. ಒಂದೇ ಮರಕ್ಕೆ ಊರಿಗೊಂದು ಹೆಸರು ಇರುತ್ತದೆ ಅಲ್ವಾ, ಹಾಗಾಗಿ ಎಲೆಯ ಫೋಟೋವನ್ನೂ ಇಟ್ಟುಕೊಳ್ಳಿ.

ಹೊರಡುವ ಮೊದಲು ಲಾಲ್‌ಬಾಗ್‌ನಲ್ಲಿ ಆ್ಯಪ್ ಪರೀಕ್ಷಿಸಿ. ಅಲ್ಲಿ ಎಷ್ಟೋ ಮರಗಳಿಗೆ ಹೆಸರಿನ ಫಲಕ ಇದೆ.