‘ಆಟೋ ಗಿಡ ಅಲ್ವಾ, ಮೈಲ್ಡ್ ಇರತ್ತೆ’ ಅಂದವರನ್ನ ನಂಬಬೇಡಿ

ಜರ್ಮನಿಯಲ್ಲಿರೋ ನಮ್ಮವರಿಗಾಗಿ ನಾಚಿಕೆ ಬಿಟ್ಟು ಬರೀತಿದೀನಿ. ಮನೆಯವರಿಗೆ ಇನ್ನೂ ಹೇಳಿಲ್ಲ.

2024ರ ಏಪ್ರಿಲ್ 1ರಿಂದ ಇಲ್ಲಿ ದೊಡ್ಡವರು ಮನೇಲಿ ಮೂರು ಗಾಂಜಾ ಗಿಡ ಇಟ್ಕೋಬಹುದು ಅಂತ ಕಾನೂನು ಬಂತಲ್ಲ. ನನ್ನ ರೂಮ್‌ಮೇಟ್ ಹುಬ್ಬಳ್ಳಿಯವನು. ಮೆಂತ್ಯ, ಕೊತ್ತಂಬರಿ ಬೆಳೆಸ್ತಿದ್ದ ಕಿಟಕಿ ಪಕ್ಕಕ್ಕೆ ಮೂರು ಕುಂಡ ತಂದಿಟ್ಟ. ಆಟೋಫ್ಲವರ್ ಬೀಜ, ಅಂದ್ರೆ ತಾನಾಗೇ ಹೂ ಬಿಡೋ ಗಾಂಜಾ ತಳಿ; ಬಾಯಲ್ಲಿ ಬರೀ ‘ಆಟೋ’. ಮಾಮೂಲಿ ಗಾಂಜಾ ಗಿಡ ನಮ್ಮ ಸೇವಂತಿಗೆ ಥರ, ಹಗಲು ಕಡಿಮೆಯಾಗಿ ರಾತ್ರಿ ಉದ್ದ ಆದ್ಮೇಲೇ ಹೂ ಬಿಡೋದು. ಈ ಆಟೋದಲ್ಲಿ ರಷ್ಯಾ ಕಡೆಯ ರುಡೆರಾಲಿಸ್ ಅನ್ನೋ ಕಳೆಗಿಡದ ತಳಿ ಬೆರೆತಿದೆ. ಅಲ್ಲಿ ಬೇಸಿಗೆ ಚಿಕ್ಕದು. ಹಗಲು ಕುಗ್ಗಲಿ ಅಂತ ಕಾಯ್ತಾ ಕೂತ್ರೆ ಬೀಜ ಕಟ್ಟೋ ಮುಂಚೆ ಹಿಮ ಬೀಳತ್ತೆ. ಹಾಗಾಗಿ ಬೆಳಕಿನ ಗೊಡವೆ ಬಿಟ್ಟು ವಯಸ್ಸಿನ ಲೆಕ್ಕದಲ್ಲಿ ಮೂರು-ನಾಲ್ಕು ವಾರಕ್ಕೇ ಮೊಗ್ಗು ತೋರಿಸತ್ತೆ.

ಹತ್ತು ವಾರಕ್ಕೆ ನಮ್ಮ ಗಿಡ ಮೊಣಕಾಲಿಗಿಂತ ಸ್ವಲ್ಪ ಎತ್ತರ, ಅಷ್ಟೇ. ಹೂವಿನ ಮೇಲೆ ಸಕ್ಕರೆ ಉದುರಿಸಿದ ಹಾಗೆ ಅಂಟು ಹನಿ. ಒಮ್ಮೆ ಮುಟ್ಟಿದೆ, ಹಲಸಿನ ಮೇಣದ ಹಾಗೆ ಬೆರಳಿಗೆ ಕೂತುಬಿಡ್ತು, ಸೋಪಿಗೂ ಜಗ್ಗಲಿಲ್ಲ. ಅಮಲು ಇರೋದೇ ಆ ಅಂಟಲ್ಲಿ; ಅಷ್ಟು ಅಂಟು ಕಂಡಾಗಲೇ ನನಗೆ ಬುದ್ಧಿ ಬರಬೇಕಿತ್ತು.

ನವೆಂಬರಿನ ಒಂದು ಶನಿವಾರ ಅವನು ಆ ಹೂವು ಹಾಕಿ ಬ್ರೌನಿ, ಅಂದ್ರೆ ಚಾಕ್ಲೇಟ್ ಕೇಕ್, ಮಾಡಿದ. ‘ಆಟೋದಾಗ ಜೋರ್ ಇರಂಗಿಲ್ಲೋ ದೋಸ್ತ, ಏನೂ ಆಗಂಗಿಲ್ಲ, ತಗೋ’ ಅಂದ. ಮೈಸೂರು ಪಾಕಿನಷ್ಟು ದಪ್ಪದ ತುಂಡು. ತಿಂದೆ. ಮುಕ್ಕಾಲು ಗಂಟೆ ಕಳೀತು, ಏನೂ ಇಲ್ಲ. ಇನ್ನೊಂದು ತಿಂದೆ. ನಾನು ಕೆಟ್ಟಿದ್ದು ಅಲ್ಲೇ. ಹೊಗೆ ಎಳೆದ್ರೆ ನಿಮಿಷಗಳಲ್ಲಿ ಗೊತ್ತಾಗತ್ತೆ. ತಿಂದದ್ದು ಹೊಟ್ಟೆ, ಯಕೃತ್ತು ದಾಟಿ ತಲೆಗೆ ಏರೋಕೆ ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. ಏರಿದ್ದು ಇಳಿಯೋಕೆ ಇನ್ನೂ ಎಷ್ಟೋ ಗಂಟೆ.

ಅನ್ನ-ಸಾರು ಬಡಿಸ್ಕೊಂಡು ಕೂತಿದ್ದೆ. ತುತ್ತು ಬಾಯಲ್ಲಿದೆ, ಅಗೀತಿದೀನಾ ಇಲ್ವಾ ತಿಳೀತಿಲ್ಲ. ನಾಲಿಗೆ ಒಣಗಿದ ಅಡಿಕೆ ಹಾಳೆ. ಗಡಿಯಾರ ನೋಡಿದೆ, 9.12. ಏನೇನೋ ಯೋಚನೆ ಬಂದು ಹೋಗಿ, ಒಂದು ಗಂಟೆಯಾದ್ರೂ ಆಗಿರ್ಬೇಕು ಅಂತ ಮತ್ತೆ ನೋಡಿದ್ರೆ 9.16. ಕೈಗಡಿಯಾರ ನಾಡಿಬಡಿತ 138 ತೋರಿಸ್ತಿತ್ತು. ಎದೆಯೊಳಗೆ ಯಾರೋ ಡೊಳ್ಳು ಬಡೀತಿದಾರೆ, ನಾನು ಸಾಯ್ತಿದೀನಿ ಅನ್ನೋದು ಖಾತ್ರಿ. ಅಮ್ಮಂಗೆ ಫೋನ್ ಮಾಡೋಣ ಅಂತ ತೆಗೆದೆ; ಶಿವಮೊಗ್ಗದಲ್ಲಿ ಆಗ ರಾತ್ರಿ ಒಂದೂಮುಕ್ಕಾಲು ಅಂತ ಹೊಳೆದದ್ದೇ ನನ್ನ ಪುಣ್ಯ. ದೋಸ್ತನೇ 112ಕ್ಕೆ ಕರೆ ಮಾಡಿದ.

ಆಸ್ಪತ್ರೆಯಲ್ಲಿ ಇಸಿಜಿ ಮಾಡಿ, ಬೆಳಗಿನ ಜಾವದವರೆಗೆ ಮಲಗಿಸಿ ನೋಡ್ಕೊಂಡ್ರು. ಇದನ್ನ ಇಳಿಸೋ ಪ್ರತಿಮದ್ದು ಅಂತ ಇಲ್ವಂತೆ, ತಾನಾಗೇ ಇಳೀಬೇಕು. ಡಾಕ್ಟರು ‘ಎಷ್ಟು ಮಿಲಿಗ್ರಾಂ?’ ಅಂತ ಕೇಳಿದ್ರು. ‘ಎರಡು ತುಂಡು’ ಅಂದ್ವಿ. ಅವರು ಪೆನ್ ಕೆಳಗಿಟ್ಟು ನಮ್ಮಿಬ್ಬರ ಮುಖ ನೋಡಿದ್ರು.

ಮನೆಗೆ ಬಂದು ಲೆಕ್ಕ ಹಾಕಿದೆ. ಬೀಜದ ಪ್ಯಾಕೆಟ್ ಮೇಲೆ ಅಮಲು ಏರಿಸೋ ಅಂಶ, ಅಂದ್ರೆ ಟಿಎಚ್‌ಸಿ 20 ಶೇಕಡಾ ಅಂತಿತ್ತು. ಅವನು ಹಾಕಿದ್ದು 7 ಗ್ರಾಂ ಹೂವು, ಅಂದ್ರೆ 1,400 ಮಿಲಿಗ್ರಾಂ. ಕೊಯ್ದದ್ದು 16 ತುಂಡು. ಪ್ಯಾಕೆಟ್ಟಿನ ಅಂಕಿ ಜಂಬದ್ದೇ ಇರಲಿ, ಒಲೆಯಲ್ಲೂ ಒಂದಷ್ಟು ಹಾಳಾಗಿರಲಿ, ಅರ್ಧಕ್ಕೆ ಅರ್ಧ ಕಳೆದ್ರೂ ನನ್ನ ಎರಡು ತುಂಡಲ್ಲಿ 80ಕ್ಕಿಂತ ಹೆಚ್ಚು. ಅಭ್ಯಾಸ ಇಲ್ಲದವರಿಗೆ 2.5 ಮಿಲಿಗ್ರಾಮೇ ಶುರುವಿನ ಪ್ರಮಾಣ ಅಂತಾರೆ.

‘ಆಟೋ ಮೈಲ್ಡ್’ ಅನ್ನೋ ಮಾತು ಪೂರ್ತಿ ಸುಳ್ಳಲ್ಲ, ಹಳಸಿದ್ದು. ಈ ಶತಮಾನದ ಶುರುವಲ್ಲಿ ಲೋರೈಡರ್ ಅನ್ನೋ ಕುಳ್ಳ ತಳಿ ಮಾರುಕಟ್ಟೆಗೆ ಬಂದಾಗ ಅದರ ಅಮಲು ಸಾದಾ ಗಿಡಗಳಷ್ಟು ಇರಲಿಲ್ಲ. ಆದರೆ ತಾನಾಗೇ ಹೂ ಬಿಡೋ ಗುಣವೇ ಬೇರೆ, ಅಮಲಿನ ಗುಣವೇ ಬೇರೆ. ತಳಿ ಮಾಡೋರು ಮೊದಲನೆಯದನ್ನ ಉಳಿಸ್ಕೊಂಡು, ಜೋರಿನ ಗಿಡಗಳ ಜೊತೆ ಮತ್ತೆ ಮತ್ತೆ ಬೆರಕೆ ಮಾಡ್ತಾ ಬಂದ್ರು. ಗಿಡ ಕುಳ್ಳಗಿದೆ ಅಂತ ಅಳತೆ ಮಾಡಿದ ನನ್ನಂಥವರು ಬೀಳೋದು ಹೀಗೆ.

ನಿಮಗೇನಾದ್ರೂ ಹೀಗಾದ್ರೆ ಇನ್ನೊಂದು ತುಂಡಿಗೆ ಕೈ ಹಾಕಬೇಡಿ, ಮೇಲೆ ಬಿಯರ್ ಕುಡೀಬೇಡಿ, ಒಬ್ಬರೇ ಇರಬೇಡಿ. ಎದೆ ನೋವು ಬಂದ್ರೆ 112. ಡಾಕ್ಟರ ಹತ್ರ ಸುಳ್ಳು ಹೇಳಬೇಡಿ. ಮಾರನೇ ದಿನ ಕಾರು ಮುಟ್ಟಬೇಡಿ. ಇಲ್ಲಿ ಮಿತಿ ಒಂದು ಮಿಲಿಲೀಟರ್ ರಕ್ತಸಾರಕ್ಕೆ 3.5 ನ್ಯಾನೋಗ್ರಾಂ ಟಿಎಚ್‌ಸಿ. ಇನ್ನೊಂದು, ಮನೇಲಿ ಬೆಳೆದದ್ದನ್ನ ಬೇರೆಯವರಿಗೆ ಕೊಡೋದು ಈ ಕಾನೂನಲ್ಲೂ ತಪ್ಪು. ಅಂದ್ರೆ ದೋಸ್ತ ನನಗೆ ತಟ್ಟೆ ನೀಡಿದ್ದೇ ಅಪರಾಧ. ಪಾಪ, ಅವನಿಗೂ ಆಮೇಲೇ ಗೊತ್ತಾಗಿದ್ದು.

ಊರಿನ ಗೆಳೆಯನೊಬ್ಬ ‘ಬರೋವಾಗ ನಾಲ್ಕು ಬೀಜ ತಾ, ಬಾಲ್ಕನಿಯಲ್ಲಿ ಯಾರಿಗೂ ಗೊತ್ತಾಗಲ್ಲ, ರುಡೆರಾಲಿಸ್ ಕಾನೂನಲ್ಲಿ ಇಲ್ವಂತೆ’ ಅಂತ ಮೆಸೇಜ್ ಹಾಕಿದಾನೆ. ಭಾರತದಲ್ಲಿ ಮಾದಕವಸ್ತು ತಡೆಯೋ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಕ್ಯಾನಬಿಸ್ ಕುಲದ ಯಾವ ಗಿಡವಾದ್ರೂ ಗಾಂಜಾ ಗಿಡವೇ. ಬೆಳೆಸಿದ್ರೆ ಹತ್ತು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ತರಲ್ಲ ಕಣೋ. ಚಾಕ್ಲೇಟ್ ತರ್ತೀನಿ, ಅದೂ ಅಂಗಡೀದು.